ಗೆರೆ ಪಕ್ಕದ ಮಹಜರು

— ಇದೇನು ಮಾವ, ಹಳೇ ಮ್ಯಾಚು ಹಾಕ್ಕೊಂಡು ಕೂತಿದ್ದೀರಿ? ಗೆದ್ದೋರು ಯಾರು ಅಂತ ಗೊತ್ತಿದ್ದೂ ಏನು ನೋಡ್ತೀರಿ?

— ಗೊತ್ತಿರೋದಕ್ಕೇ ನೆಮ್ಮದಿಯಾಗಿ ನೋಡ್ತಿದ್ದೀನಿ ಕಣಮ್ಮ. ಬಿ.ಪಿ. ಏರಲ್ಲ. 2025ರ ಮಾಂಟೆ ಕಾರ್ಲೊ ಫೈನಲ್ಲು, ಅಲ್ಕರಾಜ್‌ಗೂ ಮುಸೆಟ್ಟಿಗೂ. ಮೊದಲ ಸೆಟ್ಟು ಈಗಷ್ಟೇ ಮುಗೀತು, ಮುಸೆಟ್ಟಿ 6-3. ಕೋಟು ತೆಗೆದಿಟ್ಟು ಕೂತ್ಕೊ. ಚಕ್ಕುಲಿ ಡಬ್ಬ ಅಲ್ಲೇ ಇದೆ.

— ಅಬ್ಬ, ಆ ಸಮುದ್ರ! ಕೆಂಪು ನೆಲದ ಹಿಂದೆ ನೀಲಿ ಬಟ್ಟೆ ಒಣಗಹಾಕಿದ ಹಾಗಿದೆ. ಮಾಂಟೆ ಕಾರ್ಲೊ ಅಂದ್ರೆ ಮೊನಾಕೊ ತಾನೆ? ಆ ಜೂಜುಕಟ್ಟೆ ಊರು?

— ಹೆಸರು ಮೊನಾಕೊದ್ದು, ನೆಲ ಫ್ರಾನ್ಸಿಂದು. ಕ್ಲಬ್ಬು ಇರೋದು ರೋಕ್‌ಬ್ರೂನ್ ಅನ್ನೋ ಫ್ರೆಂಚ್ ಊರಿನ ಸರಹದ್ದಿನಲ್ಲಿ, ಮೊನಾಕೊ ಗಡಿಗೆ ಅಂಟಿಕೊಂಡ ಹಾಗೆ. ಟೂರ್ನಿ ಶುರುವಾಗಿದ್ದು 1897ರಲ್ಲಿ, ಈ ಕ್ಲಬ್ಬು ತೆರೆದದ್ದು 1928ರಲ್ಲಿ. ಗುಡ್ಡದ ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒಂದರ ಕೆಳಗೊಂದು ಕೋರ್ಟು ಹಾಸಿದ್ದಾರೆ, ಮಲೆನಾಡಿನ ಗದ್ದೆ ಥರ.

— ಅಂದ್ರೆ ಮೊನಾಕೊ ಹೆಸರಿನ ಕೋರ್ಟು, ಫ್ರಾನ್ಸಿನ ವ್ಯಾಪ್ತಿ. ನಮ್ಮಲ್ಲಾಗಿದ್ರೆ ಇಷ್ಟಕ್ಕೇ ಹತ್ತು ವರ್ಷ ತಕರಾರು ಎಳೀಬಹುದಿತ್ತು.

— ಶುರುವಾಯ್ತಾ ನಿನ್ನ ವಕೀಲಿಕೆ! ನೋಡು ನೋಡು, ಚಾಪೆ ಎಳೀತಿದ್ದಾರೆ. ನಂಗೆ ಮ್ಯಾಚಿಗಿಂತ ಇದೇ ಇಷ್ಟ. ಸೆಟ್ಟು ಮುಗಿದ ಮೇಲೆ ಬರ್ತಾರೆ, ಬಲೆಯಂಥ ದೊಡ್ಡ ಚಾಪೆ ಎಳೆದು ನೆಲ ಸಮ ಮಾಡ್ತಾರೆ. ಒಬ್ಬ ಪೊರಕೆ ಹಿಡಿದು ಗೆರೆ ಗುಡಿಸ್ತಾನೆ. ಬೇಕಾದ್ರೆ ಪೈಪಲ್ಲಿ ನೀರು ಹೊಡೀತಾರೆ. ನಮ್ಮಮ್ಮ, ನಿನ್ನಜ್ಜಿ, ಸಾಯಂಕಾಲ ಅಂಗಳಕ್ಕೆ ನೀರು ಚಿಮುಕಿಸ್ತಿದ್ರಲ್ಲ, ಧೂಳು ಕೂರಲಿ ಅಂತ, ಅದೇ ಕೆಲಸ.

— ಪೇಪರಿನವರು ಆವೆಮಣ್ಣು ಅಂತ ಬರೀತಾರಲ್ಲ, ಕುಂಬಾರರು ಬಳಸೋ ಜೇಡಿನಾ ಇದು?

— ಅಲ್ಲ, ಅದು ಪೇಪರಿನವರು ರೂಢಿ ಮಾಡಿದ ಹೆಸರು. ಜೇಡಿ ಹಾಸಿದ್ರೆ ಒಂದು ಮಳೆಗೆ ಕೆಸರುಗದ್ದೆ. ಇದು ಸುಟ್ಟ ಇಟ್ಟಿಗೆಯ ಪುಡಿ. ನಮ್ಮ ಹಳೇ ಮೇಸ್ತ್ರಿಗಳ ಬಾಯಲ್ಲಿ ಸುರ್ಕಿ. ಕನ್ನಂಬಾಡಿ ಅಣೆಕಟ್ಟೆಯ ಗಾರೆಗೆ ಸುಣ್ಣದ ಜತೆ ಅರೆದು ಹಾಕಿದ್ರಲ್ಲ, ಅದೇ ಸಾಮಾನು. ಅದೂ ಬರೀ ಮೇಲುಮೇಲಕ್ಕೆ. ಪ್ಯಾರಿಸ್ಸಿನ ಫ್ರೆಂಚ್ ಓಪನ್ ಕೋರ್ಟಿನಲ್ಲಿ ಕೆಂಪು ಪದರ ಎಷ್ಟು ದಪ್ಪ ಹೇಳು ನೋಡೋಣ.

— ಒಂದಡಿ?

— ಒಂದೆರಡು ಮಿಲಿಮೀಟರ್. ದೋಸೆ ಕೂಡ ಅದಕ್ಕಿಂತ ದಪ್ಪ. ಅದರ ಕೆಳಗೆ ಆರೇಳು ಸೆಂಟಿಮೀಟರ್ ಬಿಳೀ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲ ಕಿಟ್ಟ, ಜಲ್ಲಿ. ಚೆಂಡು ಎತ್ತರಕ್ಕೆ ಪುಟಿಯೋದು, ನಿಧಾನ ಆಗೋದು, ಆಟಗಾರ ಹತ್ತಡಿ ಜಾರಿ ಹೋಗಿ ಹೊಡೆಯೋದು, ಎಲ್ಲಾ ಆ ಮೇಲಿನ ಪುಡಿಯ ಮಹಿಮೆ. ಇದು ಹುಟ್ಟಿದ್ದೂ ಇದೇ ಕರಾವಳಿಯಲ್ಲಿ ಅಂತ ಕಥೆ. 1880ರ ಸುಮಾರಿಗೆ ಕಾನ್ ಊರಿನಲ್ಲಿ ರೆನ್‌ಷಾ ಅಂತ ಇಬ್ಬರು ಇಂಗ್ಲಿಷ್ ಅಣ್ಣತಮ್ಮಂದಿರು ಟೆನಿಸ್ ಹೇಳಿಕೊಡ್ತಿದ್ರಂತೆ. ಬಿಸಿಲಿಗೆ ಹುಲ್ಲು ಒಣಗಿಹೋಯ್ತು. ಮಡಕೆ ಚೂರು ಪುಡಿ ಮಾಡಿಸಿ ಮೇಲೆ ಹರಡಿದ್ರಂತೆ.

— ಅದಿರಲಿ, ಆ ಪೊರಕೆಯವನು ಇಷ್ಟು ಹೊತ್ತಿನ ಗುರುತೆಲ್ಲ ಅಳಿಸಿಬಿಟ್ಟನಲ್ಲ. ನಮ್ಮ ಕಡೆ ಇದಕ್ಕೆ ಸಾಕ್ಷ್ಯನಾಶ ಅಂತಾರೆ.

— ಸರಿಯಾದ ಜಾಗಕ್ಕೆ ಬಂದೆ. ಈ ನೆಲದ ಮೇಲೆ ಬಿದ್ದ ಒಂದೊಂದು ಚೆಂಡೂ ಹೆಬ್ಬೆಟ್ಟು ಒತ್ತಿ ಹೋಗುತ್ತೆ. ಹುಲ್ಲಿನ ಮೇಲಾಗಲಿ ಸಿಮೆಂಟಿನ ಮೇಲಾಗಲಿ ಅದಿಲ್ಲ. ಅದಕ್ಕೇ ಬೇರೆ ಕಡೆಯೆಲ್ಲ ಕ್ಯಾಮೆರಾ ಬಂದು ವರ್ಷಗಳಾದ್ರೂ ಇಲ್ಲಿ ಹಳೇ ಪದ್ಧತಿ ಉಳಿದಿತ್ತು. ಆಟಗಾರ ಕೈ ಎತ್ತಿ ಗುರುತು ತೋರಿಸ್ತಿದ್ದ. ಅಂಪೈರು ಆ ಏಣಿಯಂಥ ಕುರ್ಚಿ ಇಳಿದು ಬಂದು, ಬಗ್ಗಿ, ಬೆರಳಲ್ಲಿ ತೋರಿಸಿ ಹೇಳ್ತಿದ್ದ, ಒಳಗೋ ಹೊರಗೋ ಅಂತ.

— ಸ್ಥಳ ಮಹಜರು!

— ಅದೇ. ಎದುರಾಳಿ ನೆಟ್ಟು ದಾಟಿ ಬಂದು ನೋಡೋ ಹಾಗಿಲ್ಲ. ಬಂದ್ರೆ ಅನುಚಿತ ವರ್ತನೆ ಅಂತ ಎಚ್ಚರಿಕೆ ಬೀಳುತ್ತೆ. ಇನ್ನೊಂದು ನಿಯಮ ನಂಗೆ ಬಹಳ ಇಷ್ಟ. ಅಂಪೈರು ನೋಡೋ ಮುಂಚೆ ನೀನೇ ಕಾಲಲ್ಲಿ ಆ ಗುರುತು ಉಜ್ಜಿಬಿಟ್ಟೆ ಅನ್ನು, ಪಾಯಿಂಟು ಬಿಟ್ಟುಕೊಟ್ಟ ಹಾಗೆ ಲೆಕ್ಕ.

— ಒಳ್ಳೇ ಕಾನೂನು. ಸಾಕ್ಷ್ಯ ಅಳಿಸಿದವನ ವಿರುದ್ಧವೇ ಊಹೆ. ನಮ್ಮಲ್ಲೂ ಇದೆ, ಆದ್ರೆ ಹೀಗೆ ಒಂದೇ ನಿಮಿಷಕ್ಕೆ ತೀರ್ಮಾನ ಆಗಲ್ಲ. ಇರಲಿ, ಈಗ ಯಾಕೆ ಆ ಪದ್ಧತಿ ಇಲ್ಲ? ಗೆರೆ ಹತ್ತಿರ ನಿಲ್ಲೋರು ಯಾರೂ ಕಾಣಿಸ್ತಿಲ್ಲ.

— 2025ರಿಂದ ಗಂಡಸರ ಎ.ಟಿ.ಪಿ. ಟೂರ್ನಿಗಳಲ್ಲೆಲ್ಲ ಮಷಿನ್ನೇ ಗೆರೆ ನೋಡುತ್ತೆ, ಈ ಮಣ್ಣಿನ ಮೇಲೂ. ಗೆರೆ ಕಾಯೋರು ಹೋದ್ರು, ಅಂಪೈರು ಕುರ್ಚಿ ಇಳಿಯೋದು ತಪ್ಪಿತು. ಆ ವರ್ಷ ಫ್ರೆಂಚ್ ಓಪನ್‌ನವರು ಮಾತ್ರ ಒಪ್ಪದೆ ಮನುಷ್ಯರನ್ನೇ ನಿಲ್ಲಿಸಿದ್ರು. ನೀನು ಈಗ ನೋಡ್ತಿರೋದು ಮಾಂಟೆ ಕಾರ್ಲೊದಲ್ಲಿ ಮಹಜರು ನಿಂತ ಮೊದಲನೇ ವರ್ಷ.

— ಒಳ್ಳೇದೇ ಆಯ್ತು. ಬೇಜಾರು ಮಾಡ್ಕೋಬೇಡಿ ಮಾವ, ನಾನು ಮಷಿನ್ ಪರ. ಹನ್ನೊಂದು ವರ್ಷದಿಂದ ಮಹಜರು ಓದ್ತಿದ್ದೀನಿ. ಸ್ಟೇಷನ್ ಎದುರಿನ ಹೋಟೆಲಲ್ಲಿ ಕಾಫಿ ಕುಡೀತಾ ಬರೆದದ್ದು ನೋಡಿದ್ದೀನಿ. ಜಾಗದ ಮುಖವನ್ನೇ ಕಾಣದ ಪಂಚರ ರುಜು ನೋಡಿದ್ದೀನಿ. ಒಂದು ಕೇಸಲ್ಲಿ ಬಾವಿಯ ಪೂರ್ವಕ್ಕಿರೋ ತೆಂಗಿನಮರ ಮಹಜರಲ್ಲಿ ಪಶ್ಚಿಮಕ್ಕೆ ಹೋಗಿತ್ತು. ಮನುಷ್ಯ ಬಗ್ಗಿ ನೋಡಿದ ಅಂದ ಮಾತ್ರಕ್ಕೆ ಸತ್ಯ ಕಂಡ ಅಂತ ಅಲ್ಲ.

— ನಿನ್ನ ಕಕ್ಷಿಗೆ ಅನುಕೂಲವಾದ ಉದಾಹರಣೆ ನಾನೇ ಕೊಡ್ತೀನಿ, ಬರ್ಕೊ. 2017, ಇದೇ ಕೋರ್ಟು, ಶನಿವಾರ, ಸೆಮಿಫೈನಲ್. ನಡಾಲ್ ಎದುರು ಬೆಲ್ಜಿಯಂನ ಗಾಫಿನ್. ಪೀಚು ದೇಹದ ಹುಡುಗ, ಹಿಂದಿನ ದಿನ ಜೊಕೊವಿಚ್‌ನ ಮನೆಗೆ ಕಳಿಸಿದ್ದ. ಮೊದಲ ಸೆಟ್ಟು, ಗಾಫಿನ್ 3-2 ಮುಂದೆ. ಆ ಗೇಮೂ ಅವನ ಕೈಯಲ್ಲೇ ಇತ್ತು, ಒಂದು ಪಾಯಿಂಟ್ ಬಂದ್ರೆ 4-2. ನಡಾಲ್ ಹೊಡೆದದ್ದು ಗೆರೆ ದಾಟಿ ಬಿತ್ತು. ಗೆರೆ ಕಾಯೋನು ಔಟ್ ಅಂದ. ಅಂಪೈರು ಇಳಿದು ಬಂದ, ನೋಡಿದ, ಒಳಗೆ ಬಿದ್ದಿದೆ ಅಂತ ಬೆರಳು ತೋರಿಸಿದ.

— ಗುರುತು ಒಳಗಿತ್ತಾ?

— ಅವನು ತೋರಿಸಿದ ಗುರುತು ಒಳಗೇ ಇತ್ತು. ಆದ್ರೆ ಅದು ಆ ಚೆಂಡಿನ ಗುರುತಲ್ಲ. ಯಾವುದೋ ಹಳೇದು.

— ಅಯ್ಯೋ ದೇವರೇ!

— ಗಾಫಿನ್ ಬೇಡಿಕೊಂಡ, ಇದಲ್ಲ ಅದು ಅಂತ ತೋರಿಸಿದ. ಕೇಳಲಿಲ್ಲ. ಟಿ.ವಿ. ಮುಂದೆ ಕೂತ ನಮಗೆಲ್ಲ ಕಾಣಿಸ್ತಿತ್ತು. ಜನ ಕೂಗಿ ಕೂಗಿ ರಾದ್ಧಾಂತ ಮಾಡಿದ್ರು. ಆ ಹುಡುಗನ ಮನಸ್ಸು ಅಲ್ಲಿಗೇ ಮುರೀತು. 6-3, 6-1. ಮರುದಿನ ನಡಾಲ್ ಹತ್ತನೇ ಸಲ ಕಪ್ಪು ಎತ್ತಿದ.

— ನೋಡಿ ಮಾವ, ಅಲ್ಲೇ ಇರೋದು ವ್ಯಾಜ್ಯ. ಗುರುತು ಸುಳ್ಳು ಹೇಳಲಿಲ್ಲ. ರಕ್ತದ ಕಲೆ ನಿಜವೇ, ಆದ್ರೆ ಬೇರೆ ಕೇಸಿನ ರಕ್ತ. ನಂಗೆ ಸುಳ್ಳು ಸಾಕ್ಷಿಗಿಂತ ತಪ್ಪು ಜಾಗದ ನಿಜ ಸಾಕ್ಷಿ ಕಂಡ್ರೆ ಹೆಚ್ಚು ಭಯ. ಸುಳ್ಳನ್ನ ಪಾಟೀಸವಾಲಲ್ಲಿ ಒಡೀಬಹುದು. ಇದನ್ನ ಒಡೆಯೋದು ಹೇಗೆ?

— ಇನ್ನೊಂದು ತಗೊ. 2024, ಮತ್ತೆ ಸೆಮಿಫೈನಲ್. ಸಿನ್ನರ್, ಸಿಟ್ಸಿಪಾಸ್. ಮೂರನೇ ಸೆಟ್ಟಲ್ಲಿ ಸಿನ್ನರ್ 3-1 ಮುಂದೆ, ಮೇಲೆ ಬ್ರೇಕ್ ಪಾಯಿಂಟು. ಸಿಟ್ಸಿಪಾಸ್‌ನ ಎರಡನೇ ಸರ್ವು ಹೊರಗೆ ಬಿತ್ತು. ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ಹೊರಗೆ. ಯಾರೂ ಕೂಗಲಿಲ್ಲ. ಕೂಗಿದ್ರೆ ಡಬಲ್ ಫಾಲ್ಟ್, 4-1.

— ಸಿನ್ನರ್ ನಿಲ್ಲಿಸಬೇಕಿತ್ತು.

— ನಿಲ್ಲಿಸಲಿಲ್ಲ, ಆಡ್ತಾ ಹೋದ. ಆಡ್ತಾ ಹೋದ ಮೇಲೆ ಹಕ್ಕು ಹೋಯ್ತು.

— ಕಾಲಮಿತಿ! ಅವಧಿ ಮೀರಿದ ಅರ್ಜಿ ವಜಾ.

— ಸಿಟ್ಸಿಪಾಸ್ ಸುಧಾರಿಸ್ಕೊಂಡು 6-4ರಲ್ಲಿ ಆ ಸೆಟ್ಟೂ ಗೆದ್ದ, ಮಾರನೇ ದಿನ ರೂಡ್‌ನ ಸೋಲಿಸಿ ಕಪ್ಪೂ ಗೆದ್ದ. ಅವನಿಗೆ ಅಲ್ಲಿ ಮೂರನೇದು.

— ಇಷ್ಟೆಲ್ಲ ನೀವೇ ಹೇಳಿ ಮಷಿನ್ ಬೇಡ ಅಂತೀರಲ್ಲ. ನಿಮ್ಮ ವಾದಕ್ಕೆ ನೀವೇ ಪ್ರತಿಕೂಲ ಸಾಕ್ಷಿ.

— ಬೇಡ ಅಂದೆನಾ? ಕೇಳು. ಸಿಮೆಂಟ್ ಕೋರ್ಟಲ್ಲಿ ಮಷಿನ್ನು ಔಟ್ ಅಂದ್ರೆ ಮುಗೀತು. ಬೇರೆ ಸಾಕ್ಷಿ ಯಾವುದೂ ಇಲ್ಲ, ಎಲ್ಲರೂ ತಲೆ ಬಗ್ಗಿಸಿ ಹೋಗ್ತಾರೆ. ಇಲ್ಲಿ ಮಷಿನ್ ಒಳಗೆ ಅಂದ ಮೇಲೂ ಗುರುತು ಗೆರೆ ಆಚೆ ಕಣ್ಣೆದುರಿಗೇ ಬಿದ್ದಿರುತ್ತೆ. ಈ ಫೈನಲ್ಲು ನಡೆದ ತಿಂಗಳೇ ಮ್ಯಾಡ್ರಿಡ್‌ನಲ್ಲಿ ಜ್ವೆರೆವ್ ಏನು ಮಾಡಿದ ಗೊತ್ತಾ? ಬ್ಯಾಗಿನಿಂದ ಮೊಬೈಲು ತಂದು ಆ ಗುರುತಿನ ಫೋಟೊ ಹೊಡೆದ.

— ಭಲೇ! ದಾಖಲೆ ಸಂಗ್ರಹ. ಆಮೇಲೆ?

— ಆಮೇಲೇನು, ಎಚ್ಚರಿಕೆ ಕೊಟ್ರು, ಅನುಚಿತ ವರ್ತನೆ ಅಂತ. ಮಷಿನ್‌ನವರ ಮಾತೂ ಪೂರ್ತಿ ತೆಗೆದುಹಾಕೋ ಹಾಗಿಲ್ಲ. ಪುಡಿ ಎಲ್ಲಾ ಕಡೆ ಒಂದೇ ದಪ್ಪ ಇರಲ್ಲ, ಆಡ್ತಾ ಆಡ್ತಾ ಅತ್ತಿತ್ತ ಸರಿಯುತ್ತೆ. ಚೆಂಡು ಬಿದ್ದಾಗ ಚಪ್ಪಟೆಯಾಗಿ ಜಾರುತ್ತೆ. ಪುಡಿ ಹೆಚ್ಚಿದ್ದ ಕಡೆ ಗುರುತು ಉದ್ದ, ಕಡಿಮೆ ಇದ್ದ ಕಡೆ ಅರ್ಧಂಬರ್ಧ. ಗೆರೆ ಸ್ವಲ್ಪ ಉಬ್ಬಿದ್ರೆ ಅಂಚನ್ನ ಸವರಿದ ಚೆಂಡಿನ ಗುರುತು ಆಚೆಯಿಂದಲೇ ಶುರುವಾದ ಹಾಗೆ ಕಾಣಬಹುದು. ಅದೆಲ್ಲ ಒಪ್ಪಿದೆ. ಆದ್ರೂ ಕಣ್ಣೆದುರು ಇರೋ ಸಾಕ್ಷಿನ ವಿಚಾರಿಸೋದೇ ಇಲ್ಲ ಅಂತ ಕೋರ್ಟು ಹೇಳಿದ್ರೆ ನಿಂಗೆ ಹೇಗನ್ನಿಸುತ್ತೆ?

— ಹ್ಞೂಂ. ಅದು ಸ್ವಲ್ಪ ಚುಚ್ಚುತ್ತೆ. ಕಾರಣ ಬರೆಯದ ಆದೇಶದ ಹಾಗೆ. ಮೇಲ್ಮನವಿಯಲ್ಲಿ ಅಂಥ ಆದೇಶ ನಿಲ್ಲಲ್ಲ.

— ಇಲ್ಲಿ ಮೇಲ್ಮನವಿಯೇ ಇಲ್ಲ.

— ಅಂದ್ರೂ ಮಾವ, ಕಾರಣ ಬರೆದ ತಪ್ಪು ಆದೇಶಕ್ಕಿಂತ ಕಾರಣ ಬರೆಯದ ಸರಿ ಆದೇಶ ನನ್ನ ಕಕ್ಷಿದಾರನಿಗೆ ಸಾಕು. ಗಾಫಿನ್‌ನ ಕೇಳಿ ನೋಡಿ.

— ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಚಕ್ಕುಲಿ ಕೊಡು ಇತ್ತ. ಎಷ್ಟಾಯ್ತು? ಓ, ಅಲ್ಕರಾಜ್ ಶುರು ಮಾಡಿದ. ಈ ಸೆಟ್ಟು 6-1 ಹೋಗುತ್ತೆ.

— ನಡಾಲ್ ಇಲ್ಲಿ ಒಟ್ಟು ಎಷ್ಟು ಗೆದ್ದಿದ್ದು?

— ಹನ್ನೊಂದು. 2005ರಿಂದ 2012ರವರೆಗೆ ಒಂದೂ ಬಿಡದೆ ಎಂಟು, ಆಮೇಲೆ 2016, 17, 18. ನಡುವೆ ಸತತ 46 ಮ್ಯಾಚು ಇಲ್ಲಿ ಅವನನ್ನ ಸೋಲಿಸೋರೇ ಇರಲಿಲ್ಲ. 2013ರ ಫೈನಲಲ್ಲಿ ಜೊಕೊವಿಚ್ ಆ ಸಾಲು ಕಡಿದ. ಫೆಡರರ್ ನಾಲ್ಕು ಸಲ ಫೈನಲ್‌ಗೆ ಬಂದು ನಾಲ್ಕೂ ಸೋತ. ಮೂರು ನಡಾಲ್ ಕೈಲಿ, ಒಂದು ತನ್ನ ದೇಶದವನೇ ಆದ ವಾವ್ರಿಂಕಾ ಕೈಲಿ. 2008ರಲ್ಲಿ ಎರಡನೇ ಸೆಟ್ಟು 4-0 ಮುಂದಿದ್ದ, ಅದನ್ನೂ 7-5ರಲ್ಲಿ ಬಿಟ್ಟ. ನಡಾಲ್ ಎಡಗೈಯಲ್ಲಿ ಸುತ್ತಿಸಿ ಸುತ್ತಿಸಿ ಹೊಡೆದ ಚೆಂಡು ಈ ಪುಡಿ ಕಚ್ಚಿ ಫೆಡರರ್‌ನ ಭುಜದ ಮಟ್ಟಕ್ಕೆ ಎಗರೋದು. ಒಂಟಿಗೈ ಬ್ಯಾಕ್‌ಹ್ಯಾಂಡಲ್ಲಿ ಅಷ್ಟೆತ್ತರದ ಚೆಂಡು ಹೊಡೆಯೋದು ಅಂದ್ರೆ ಅಟ್ಟದ ಮೇಲಿನ ಡಬ್ಬ ಒಂದೇ ಕೈಯಲ್ಲಿ ಇಳಿಸಿದ ಹಾಗೆ. ಒಂದೆರಡು ಸಲ ಆಗುತ್ತೆ, ಮಧ್ಯಾಹ್ನವೆಲ್ಲ ಆಗಲ್ಲ.

— ನಮ್ಮೋರು ಯಾರೂ ಇಲ್ಲಿ ಗೆದ್ದಿಲ್ವಾ?

— ಯಾಕಿಲ್ಲ! ಆಗಲೇ ಹೇಳಿದ್ನಲ್ಲ, 2017, ಗಾಫಿನ್ ಅಳುಮುಖ ಹಾಕ್ಕೊಂಡು ಹೋದ ವಾರ. ಭಾನುವಾರ ಡಬಲ್ಸ್ ಫೈನಲ್ಲು. ನಮ್ಮ ಕೊಡಗಿನ ಬೋಪಣ್ಣ, ಜತೆಗೆ ಉರುಗ್ವೆಯ ಪಾಬ್ಲೊ ಕ್ವೆವಾಸ್. ಎದುರಿಗೆ ಸ್ಪೇನಿನ ಇಬ್ಬರು ಲೋಪೆಜ್‌ಗಳು. 6-3, 3-6, ಕೊನೆಗೆ ಟೈಬ್ರೇಕು 10-4. ಕಾಫಿ ತೋಟದವರ ಮನೆ ಹುಡುಗ ಆ ಸಮುದ್ರದ ಮುಂದೆ ಕಪ್ಪು ಹಿಡಿದು ನಿಂತಿದ್ದ. ನಾನು ಇಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ನಿಮ್ಮತ್ತೆ ಅಡುಗೆಮನೆಯಿಂದ ಬಂದು ಸೊಳ್ಳೆನಾ ಅಂದ್ಲು.

— ಅತ್ತೆ ಹಾಗೇ.

— ಅದಾಗಿ ಒಂದೂವರೆ ತಿಂಗಳಿಗೆ ಪ್ಯಾರಿಸ್ಸಲ್ಲಿ ಮಿಶ್ರ ಡಬಲ್ಸೂ ಗೆದ್ದ. ಅದೂ ಇದೇ ಇಟ್ಟಿಗೆ ಪುಡಿ ಮೇಲೆ.

— ಮಾವ, ನೀವೂ ಮಣ್ಣಿನ ಮೇಲೆ ಆಡಿದೋರು ತಾನೆ? ಅಮ್ಮ ಹೇಳ್ತಿರ್ತಾಳೆ, ಅಣ್ಣ ಬಿಳೀ ಬಟ್ಟೆಯಲ್ಲಿ ಹೋಗಿ ಕೆಂಪು ಬಟ್ಟೆಯಲ್ಲಿ ಬರ್ತಿದ್ದ ಅಂತ.

— ನಮ್ಮ ಕ್ಲಬ್ಬಿನದು ಇಷ್ಟು ಶೋಕಿಯ ಕೋರ್ಟಲ್ಲ. ಹುತ್ತದ ಮಣ್ಣು ತಂದು, ಜರಡಿ ಹಿಡಿದು, ನೀರು ಹಾಕಿ ಗುಂಡು ಎಳೆದು ಗಟ್ಟಿ ಮಾಡಿದ್ದು. ಬೇಸಿಗೆಯಲ್ಲಿ ಬಿರುಕು ಬಿಡದ ಹಾಗೆ ಸಗಣಿ ಸಾರಿಸೋರು. ಗೆರೆ ಅಂದ್ರೆ ಸುಣ್ಣ. ಮಾಲಿ ದಾರ ಕಟ್ಟಿ, ಡಬ್ಬದಲ್ಲಿ ಸುಣ್ಣದ ಪುಡಿ ಸುರೀತಾ ಹೋಗೋನು. ಚೆಂಡು ಗೆರೆಗೆ ಬಿದ್ರೆ ಪುಸ್ ಅಂತ ಬಿಳೀ ಹೊಗೆ ಏಳೋದು. ಕ್ಯಾಮೆರಾನೂ ಬೇಡ, ಅಂಪೈರೂ ಬೇಡ.

— ಹಾಗಾದ್ರೆ ಜಗಳವೇ ಇರಲಿಲ್ವಾ?

— ಇರಲಿಲ್ಲ. ಒಂದು ಸಲ... ಬಿಡು.

— ಬಿಡಲ್ಲ. ಸಾಕ್ಷಿ ಅರ್ಧದಲ್ಲಿ ಇಳಿಯೋ ಹಾಗಿಲ್ಲ. ಹೇಳಿ.

— ಜಿಲ್ಲಾ ಮಟ್ಟದ ಟೂರ್ನಿ. ಸೆಮಿಫೈನಲ್ಲು ಅಂದ್ರೂ ಅಂಪೈರಿಲ್ಲ, ನಾವೇ ಕೂಗ್ಕೋಬೇಕು. ಎದುರಿಗೆ ಪೋಸ್ಟಾಫೀಸಿನವರು ಒಬ್ಬರು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನಂಗೆ ಇಪ್ಪತ್ತೆರಡು. ಮೂರನೇ ಸೆಟ್ಟು 5-4, ನಂಗೆ ಮ್ಯಾಚ್ ಪಾಯಿಂಟು. ಅವರು ಹೊಡೆದ ಚೆಂಡು ಹಿಂದಿನ ಗೆರೆ ಮೇಲೆ ಬಿತ್ತು.

— ಹೊಗೆ ಎದ್ದಿತಾ?

— ಸಾಯಂಕಾಲ, ಗೆರೆ ತುಳಿದು ತುಳಿದು ಮಾಸಿತ್ತು. ಅಷ್ಟೇನೂ ಏಳಲಿಲ್ಲ. ನಾನು ಔಟ್ ಅಂತ ಕೂಗಿದೆ. ಕೂಗಿದ್ಮೇಲೆ ಚೆಂಡು ಎತ್ಕೊಂಡೆ. ಚೆಂಡಿನ ಮೇಲೆ ಸುಣ್ಣ ಇತ್ತು, ಎಂಟಾಣೆ ಅಗಲ.

— ಆಮೇಲೆ?

— ಚಡ್ಡಿಗೆ ಒರೆಸಿದೆ.

— ಬಿಳೀ ಚಡ್ಡಿ.

— ಬಿಳೀ ಚಡ್ಡಿ. ಒಂದು ಚೂರೂ ಕಾಣಲಿಲ್ಲ. ಹಾಗೇ ನೆಟ್ಟಿನ ಕಡೆ ನಡೀತಾ ಆ ಜಾಗ ತುಳ್ಕೊಂಡು ಬಂದೆ.

— ಗೊತ್ತಿದ್ದೂ ತುಳಿದ್ರಾ, ಗೊತ್ತಿಲ್ದೆನಾ?

— ಸುತ್ತಿ ಬಳಸಿ ಯಾಕೆ, ಗೊತ್ತಿದ್ದೇ.

— ಅವರು ಏನಂದ್ರು?

— ನನ್ನ ಮುಖ ನೋಡಿದ್ರು. ನೆಲ ನೋಡಲಿಲ್ಲ. ಬಂದು ಕೈ ಕುಲುಕಿ, ಚೆನ್ನಾಗಿ ಆಡ್ದೆ ಕಣಪ್ಪ ಅಂದ್ರು. ಎಷ್ಟೋ ವರ್ಷ ಕಾರ್ಡು ತರೋಕೆ, ಮನಿಯಾರ್ಡರ್ ಕಟ್ಟೋಕೆ ಆ ಪೋಸ್ಟಾಫೀಸು ಬಿಟ್ಟು ಪೇಟೆಬೀದಿಯದಕ್ಕೆ ಹೋಗ್ತಿದ್ದೆ. ನಿಮ್ಮಜ್ಜಿ ಕೇಳೋರು, ಹತ್ತಿರದ್ದು ಬಿಟ್ಟು ಅಷ್ಟು ದೂರ ಯಾಕೋ ಅಂತ.

— ಮಷಿನ್ ಇದ್ದಿದ್ರೆ ಸಿಕ್ಕಿಬೀಳ್ತಿದ್ರಿ.

— ಸಿಕ್ಕಿಬೀಳ್ತಿರಲಿಲ್ಲ ಕಣೆ. ನಂಗೆ ಕೂಗೋಕೇ ಬಿಡ್ತಿರಲಿಲ್ಲ. ಡ್ಯೂಸ್ ಆಗ್ತಿತ್ತು, ಅಷ್ಟೆ.

— ಹಾಗಾದ್ರೆ ಫೈನಲ್ಲು?

— ಸೋತೆ. 6-2, 6-1. ಆ ಹುಡುಗ ಮೈಸೂರಿನೋನು, ಬಹಳ ಚೆನ್ನಾಗಿ ಆಡ್ತಿದ್ದ.

— ಅವರು ಇನ್ನೂ ಇದ್ದಾರಾ? ಪೋಸ್ಟಾಫೀಸಿನೋರು?

— ಇಲ್ಲ. ಕೋರ್ಟೂ ಇಲ್ಲ. ಸಿಮೆಂಟು ಹಾಕಿದ್ರು, ಈಗ ಅಲ್ಲಿ ಕಾರು ನಿಲ್ಲಿಸ್ತಾರೆ. ನೋಡು, ಸೆಟ್ಟು ಮುಗೀತು, ಹೇಳಿದ್ನಲ್ಲ, 6-1. ಮತ್ತೆ ಬಂದ ಚಾಪೆಯೋನು. ಅವನು ಹೇಗೆ ಹೋಗ್ತಾನೆ ಗಮನಿಸು.

— ಹೇಗೆ? ಸುಮ್ನೆ ಎಳ್ಕೊಂಡು ಹೋಗ್ತಿದ್ದಾನೆ.

— ಅವನು ಮುಂದೆ, ಚಾಪೆ ಹಿಂದೆ. ಅವನ ಹೆಜ್ಜೆ ಮೂಡುತ್ತೆ, ಹಿಂದೇನೇ ಚಾಪೆ ಬಂದು ಅಳಿಸುತ್ತೆ. ಕೊನೆಗೆ ಬದಿಗೆ ಬಂದು ಚಾಪೆ ಸುತ್ತಿಕೊಂಡ ಅಂದ್ರೆ ಅಲ್ಲಿ ಯಾರೂ ನಡೆದೇ ಇಲ್ಲ.

— ಮುಸೆಟ್ಟಿ ಯಾಕೆ ಹಾಗೆ ಕಾಲು ಹಿಡ್ಕೊಂಡಿದ್ದಾನೆ?

— ಪೆಟ್ಟಾಗಿದೆ. ಮೂರನೇ ಸೆಟ್ಟಲ್ಲಿ ಅವನಿಗೆ ಒಂದು ಗೇಮೂ ಸಿಗಲ್ಲ. ಆದ್ರೂ ಬಿಟ್ಟು ಹೋಗಲ್ಲ, ಕುಂಟ್ಕೊಂಡೇ ಕೊನೇವರೆಗೂ ನಿಲ್ತಾನೆ. ಮುಂಚೆ ಸುಮ್ನೆ ಮುಂದಕ್ಕೆ ಓಡಿಸಿಬಿಡ್ತಿದ್ದೆ ಇದನ್ನ.

— ಇವತ್ತು ಓಡಿಸಬೇಡಿ. ರಿಮೋಟ್ ಇತ್ತ ಕೊಡಿ, ಸ್ವಲ್ಪ ಸೌಂಡ್ ಜಾಸ್ತಿ ಮಾಡ್ತೀನಿ.